ಹಿಮ ಬೂದಿಯಾಗುವುದೇಕೆ, ಮುಖ ಕಪ್ಪಾಗುವುದೇಕೆ?

ಕ್ಯಾಮೆರಾ ಕಟ್ಟೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲೆಲ್ಲ ಹಿಮದ್ದೇ ಮಾತು. ಮನಾಲಿ, ಉತ್ತರಾಖಂಡದ ಔಲಿ ನೋಡಿ ಬಂದವರಿದ್ದಾರೆ, ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟವರಿದ್ದಾರೆ, ನಂದಿ ಬೆಟ್ಟದ ಮಂಜೇ ಸಾಕು ಎನ್ನುವವರೂ ಇದ್ದಾರೆ. ಹೊಸ ಕ್ಯಾಮೆರಾ ಕೊಳ್ಳಬೇಕೇ ಎಂದು ಹಲವರು ಕೇಳಿದ್ದಾರೆ. ಬೇಡ. ಹಿಮದ ಫೋಟೊ ಕೆಡುವುದು ಬಹುಪಾಲು ಎರಡೇ ಕಾರಣಕ್ಕೆ: ಬೆಳಕು ಯಾವ ದಿಕ್ಕಿನಿಂದ ಬರುತ್ತದೆಂದು ನೋಡದೆ ಹೋಗಿ ನಿಲ್ಲುವುದು, ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರು ಹೇಳಿದ್ದನ್ನು ಹಾಗೇ ನಂಬುವುದು.

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಜನವರಿಯಲ್ಲಿ ನಮ್ಮನ್ನು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋಗುತ್ತಾಳಂತೆ. ಅಲ್ಲಿನ ಟನಲ್ ವ್ಯೂ ಎಂಬ ಜಾಗದ ಹಿಮದ ಚಿತ್ರವನ್ನು ಕ್ಯಾಲೆಂಡರಿನಲ್ಲಿ ನೋಡಿದ್ದೇನೆ. ನಮಗೆ ಸಿಗುವುದು ಒಂದೇ ದಿನ. ಬೆಳಿಗ್ಗೆ ಹೋಗಬೇಕೋ, ಸಂಜೆಯೋ? ನನ್ನ ಬಳಿ 18–55 ಮತ್ತು 55–250 ಎಂಎಂ ಲೆನ್ಸ್ ಇವೆ.
— ನಿವೃತ್ತ ಅಧ್ಯಾಪಕರು, ತಿಪಟೂರು

ಉತ್ತರ: ಮಾಮೂಲಿ ದಿನವಾದರೆ ಸಂಜೆ. ಹಿಂದಿನ ರಾತ್ರಿ ಹಿಮ ಬಿದ್ದಿದ್ದರೆ ಮಾತ್ರ ಬೆಳಿಗ್ಗೆಯೂ ಹೋಗಿ, ಸಂಜೆಯೂ ಹೋಗಿ. ಯೊಸೆಮಿಟಿ ಕಣಿವೆಯೊಳಗೇ ಇರುತ್ತೀರಾದ್ದರಿಂದ ಎರಡು ಸಲ ಹೋಗುವುದು ಕಷ್ಟವಲ್ಲ.

ಮೊದಲು ಜಾಗದ ಪರಿಚಯ. 1933ರಲ್ಲಿ ತೆರೆದ ವಾವೋನಾ ಸುರಂಗದ ಪೂರ್ವ ಬಾಯಿಯ ಪಕ್ಕದಲ್ಲೇ ಈ ವೀಕ್ಷಣಾ ಸ್ಥಳವಿದೆ. ಮೋಟು ಕಲ್ಲುಗೋಡೆಯ ಹಿಂದೆ ನಿಂತು ಪೂರ್ವಕ್ಕೆ ನೋಡಬೇಕು. ಎಡಕ್ಕೆ ಕಣಿವೆಯ ತಳದಿಂದ 900 ಮೀಟರಿನಷ್ಟು ನೇರ ಎದ್ದು ನಿಂತ ಎಲ್ ಕ್ಯಾಪಿಟನ್ ಬಂಡೆ, ಬಲಕ್ಕೆ 188 ಮೀಟರ್ ಎತ್ತರದ ಬ್ರೈಡಲ್‌ವೇಲ್ ಜಲಪಾತ, ನಡುವೆ ಬಹು ದೂರದಲ್ಲಿ ಹಾಫ್ ಡೋಮ್. ಎಲ್ ಕ್ಯಾಪಿಟನ್ ನೀವು ನಿಂತಲ್ಲಿಂದ ಸುಮಾರು 4 ಕಿ.ಮೀ., ಹಾಫ್ ಡೋಮ್ ಸುಮಾರು 13 ಕಿ.ಮೀ. ದೂರ. ಈ ಅಂತರವನ್ನು ನೆನಪಿಡಿ, ಲೆನ್ಸ್ ವಿಚಾರಕ್ಕೆ ಬಂದಾಗ ಬೇಕಾಗುತ್ತದೆ.

ಪೂರ್ವಕ್ಕೆ ಮುಖ ಮಾಡಿದ ಜಾಗವಾದ್ದರಿಂದ ಬೆಳಿಗ್ಗೆ ಸೂರ್ಯ ಎದುರಿಗಿರುತ್ತಾನೆ. ಜನವರಿಯಲ್ಲಿ ಅವನು ಹುಟ್ಟುವುದು ಆಗ್ನೇಯಕ್ಕೆ ಸರಿದು, ಅಂದರೆ ನಿಮ್ಮ ಚೌಕಟ್ಟಿನ ಬಲಬದಿಯ ಬಂಡೆಗಳ ಹಿಂದಿನಿಂದ. ಬಲಭಾಗವೆಲ್ಲ ನೆರಳು, ಆಕಾಶ ಬಿಳಿಚಿಕೊಂಡಿರುತ್ತದೆ, ಲೆನ್ಸಿನೊಳಗೆ ಬೆಳಕಿನ ಕಲೆಗಳೂ ಬೀಳಬಹುದು. ಮಧ್ಯಾಹ್ನ 2ರ ನಂತರ ಸೂರ್ಯ ನೈಋತ್ಯಕ್ಕೆ ಬಂದು ಬಂಡೆಗಳ ಮುಖಕ್ಕೆ ಬೆಳಕು ಹಾಯಿಸುತ್ತಾನೆ. ಸೂರ್ಯಾಸ್ತ 5 ಗಂಟೆಯ ಆಸುಪಾಸು. ಕಣಿವೆಯ ತಳಕ್ಕೆ ಅದಕ್ಕಿಂತ ಬಹಳ ಮೊದಲೇ ನೆರಳು ಕವಿದಿರುತ್ತದೆ. ಕೊನೆಯ ಬೆಳಕು ಉಳಿಯುವುದು ಮೇಲಿನ ಬಂಡೆಗಳಲ್ಲಿ ಮತ್ತು ಹಾಫ್ ಡೋಮಿನ ನೆತ್ತಿಯಲ್ಲಿ. 3 ಗಂಟೆಗೆ ಹೋಗಿ ಜಾಗ ಹಿಡಿಯಿರಿ, ಸೂರ್ಯ ಮುಳುಗಿದ ಮೇಲೂ 20 ನಿಮಿಷ ನಿಲ್ಲಿ. ಬಹಳ ಜನ ಸೂರ್ಯ ಮುಳುಗಿದ ಕೂಡಲೇ ಕಾರು ಹತ್ತುತ್ತಾರೆ. ಗೋಡೆಯ ಬಳಿ ಜಾಗ ಸಿಗುವುದೂ ಆಗಲೇ.

ರಾತ್ರಿ ಹಿಮ ಬಿದ್ದ ಮರುದಿನದ ಲೆಕ್ಕ ಬೇರೆ. ಪೈನ್ ಮರಗಳ ಕೊಂಬೆಯ ಮೇಲಿನ ಹಿಮ ಬಿಸಿಲು ತಾಗಿ ಒಂದೆರಡು ಗಂಟೆಯಲ್ಲಿ ಉದುರುತ್ತದೆ. ಮಧ್ಯಾಹ್ನ ಹೋದರೆ ಬಂಡೆ ಬಿಳಿ, ಮರ ಹಸಿರು. ಕ್ಯಾಲೆಂಡರಿನ ಚಿತ್ರ ಸಿಗುವುದಿಲ್ಲ. ಬೆಳಕು ಹರಿಯುವ ಹೊತ್ತಿಗೇ ಅಲ್ಲಿರಬೇಕು. ಬಿರುಗಾಳಿ, ಹಿಮಪಾತ ಮುಗಿದು ಮೋಡ ಒಡೆಯುವ ಹೊತ್ತು ಇನ್ನೂ ಒಳ್ಳೆಯದು: ಕಣಿವೆಯಿಂದ ಮಂಜು ಏಳುತ್ತದೆ, ಬಂಡೆ ಒಂದೊಂದಾಗಿ ಮುಖ ತೋರಿಸಿ ಮರೆಯಾಗುತ್ತವೆ. ಪೂರ್ತಿ ಮೋಡ ಮುಚ್ಚಿ ಏನೂ ಕಾಣದಿದ್ದರೆ ವಾಪಸು ಹೋಗಬೇಡಿ. ನಿರ್ಮಲವಾದ ನೀಲಿ ಆಕಾಶದ ದಿನಕ್ಕಿಂತ ಅಂಥ ದಿನವೇ ಚಿತ್ರಕ್ಕೆ ಮೇಲು. ನೀಲಿ ಆಕಾಶದ ದಿನ ನೀವು ತೆಗೆಯುವ ಫೋಟೊ ಪಕ್ಕದವರ ಫೋಟೊಕ್ಕಿಂತ ಭಿನ್ನವಾಗಿರುವುದು ಬಹಳ ಕಷ್ಟ.

ಲೆನ್ಸ್ ವಿಚಾರ. ಇಡೀ ನೋಟಕ್ಕೆ ನಿಮ್ಮ 18–55ರಲ್ಲಿ 18ರಿಂದ 24 ಸಾಕು. ಆದರೆ ಅಗಲ ಮಾಡಿದಷ್ಟೂ 13 ಕಿ.ಮೀ. ದೂರದ ಹಾಫ್ ಡೋಮ್ ಗುಬುಟಿನಷ್ಟಾಗುತ್ತದೆ. ಅಗಲದ ಎರಡು ಮೂರು ಚಿತ್ರ ತೆಗೆದುಕೊಂಡು ಬೇಗ 55–250 ಹಾಕಿ. 100ರ ಸುಮಾರಿಗೆ ಜಲಪಾತ ಮತ್ತು ಅದರ ಮೇಲಿನ ಮೊನಚು ಬಂಡೆ, 200ಕ್ಕೆ ಹಾಫ್ ಡೋಮ್ ಮತ್ತು ಅದರ ಮುಂದಿನ ಮೋಡ. ಹಿಮ ಬೀಳುವಾಗ ಲೆನ್ಸ್ ಬದಲಿಸಬೇಕಾದರೆ ಕಾರಿನೊಳಗೆ ಬದಲಿಸಿ, ಆದರೆ ಕಾರಿನ ಹೀಟರ್ ಮೊದಲೇ ಆರಿಸಿರಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ) ಎಫ್/8. ಇಲ್ಲಿ ಹತ್ತಿರದ ವಸ್ತುವೇ ಇಲ್ಲ, ಎಫ್/16ಕ್ಕೆ ಹೋದರೆ ಲಾಭವಿಲ್ಲದೆ ಚಿತ್ರ ಮೆತ್ತಗಾಗುತ್ತದೆ.

ಪ್ರಯಾಣದ ಮಾತು ಮಗಳಿಗೆ ಹೇಳಿ. ಚಳಿಗಾಲದಲ್ಲಿ ಆ ರಸ್ತೆಗಳಲ್ಲಿ ಟೈರಿಗೆ ಸರಪಳಿ ಕಟ್ಟಬೇಕೆಂಬ ಆದೇಶ ಯಾವಾಗ ಬೇಕಾದರೂ ಬರಬಹುದು, ಸರಪಳಿ ಕಾರಿನಲ್ಲಿರಬೇಕು. ಬಾಡಿಗೆ ಕಾರಾದರೆ ಸರಪಳಿ ಕಟ್ಟಲು ಕರಾರಿನಲ್ಲಿ ಅನುಮತಿ ಇದೆಯೇ ಎಂದು ಮೊದಲೇ ಓದಿಕೊಳ್ಳಬೇಕು. ಮರ್ಸೆಡ್ ಕಡೆಯಿಂದ ಬರುವ 140ನೇ ಹೆದ್ದಾರಿ ಉಳಿದವುಗಳಿಗಿಂತ ತಗ್ಗಿನಲ್ಲಿದೆ, ಹಿಮದ ಕಾಟ ಕಡಿಮೆ. ಟಯೋಗಾ ರಸ್ತೆಯೂ ಗ್ಲೇಸಿಯರ್ ಪಾಯಿಂಟ್ ರಸ್ತೆಯೂ ಚಳಿಗಾಲದಲ್ಲಿ ಮುಚ್ಚಿರುತ್ತವೆ, ಅವನ್ನು ನಂಬಿ ಯೋಜನೆ ಹಾಕಬೇಡಿ. ಕಣಿವೆಯೊಳಗಿನ ಉಚಿತ ಬಸ್ಸು ಟನಲ್ ವ್ಯೂವರೆಗೆ ಬರುವುದಿಲ್ಲ.

ಪ್ರಶ್ನೆ: ಮನಾಲಿ, ಸೋಲಂಗ್‌ನಲ್ಲಿ ತೆಗೆದ ಫೋಟೊಗಳಲ್ಲಿ ಹಿಮ ಒಲೆಯ ಬೂದಿಯ ಬಣ್ಣಕ್ಕಿದೆ, ಕೆಲವು ನೀಲಿಗಿವೆ. ಕಣ್ಣಿಗೆ ಬೆಳ್ಳಗೆ ಕಂಡದ್ದು ಹೀಗೇಕೆ? ಕ್ಯಾಮೆರಾ ರಿಪೇರಿಗೆ ಕೊಡಬೇಕೆ?
— ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಕ್ಯಾಮೆರಾ ಸರಿಯಾಗಿದೆ. ಎದುರಿಗಿರುವುದು ಏನೇ ಆಗಲಿ, ಅದರ ಸರಾಸರಿ ಹೊಳಪು ನಡು ಬೂದು ಎಂದು ಮೀಟರು ಎಣಿಸುತ್ತದೆ; ಬಿದ್ದ ಬೆಳಕಿನಲ್ಲಿ ಶೇ 18ರಷ್ಟನ್ನು ಹಿಂದಿರುಗಿಸುವ ಬಣ್ಣ ಅದು. ಹೊಸ ಹಿಮ ಹಿಂದಿರುಗಿಸುವುದು ಶೇ 80ಕ್ಕೂ ಹೆಚ್ಚು. ಅಂದರೆ ಎರಡು ಸ್ಟಾಪಿಗಿಂತ ಸ್ವಲ್ಪ ಹೆಚ್ಚಿನ ವ್ಯತ್ಯಾಸ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಅಥವಾ ಅರ್ಧ). ಇಷ್ಟು ಬೆಳಕು ಕಂಡ ಮೀಟರು ಶಟರಿನ ವೇಗ ಏರಿಸಿ ಬಿಳಿಯನ್ನು ಬೂದಿಗೆ ಎಳೆದು ತರುತ್ತದೆ.

ಪರಿಹಾರ ಎಕ್ಸ್‌ಪೋಶರ್ ಕಾಂಪೆನ್ಸೇಶನ್, ಅಂದರೆ ಮೀಟರು ಹೇಳಿದ್ದಕ್ಕಿಂತ ಇಷ್ಟು ಸ್ಟಾಪ್ ಬೆಳಕು ಹೆಚ್ಚು ಅಥವಾ ಕಡಿಮೆ ಎಂದು ಹೇಳುವುದು. ಪ್ಲಸ್–ಮೈನಸ್ ಗುರುತಿರುವ ಗುಂಡಿ. ಚೌಕಟ್ಟಿನ ತುಂಬ ಹಿಮವಿದ್ದರೆ +1.3ರಿಂದ ಶುರು ಮಾಡಿ. ಅರ್ಧ ಹಿಮ, ಅರ್ಧ ಕಾಡು ಅಥವಾ ನೀಲಿ ಆಕಾಶವಾದರೆ +0.7. ದೇವದಾರು ಕಾಡಿನ ಕಪ್ಪು ಹೆಚ್ಚಾಗಿ, ಹಿಮ ಅಲ್ಲಲ್ಲಿ ಮಾತ್ರ ಇದ್ದರೆ ಸೊನ್ನೆ. ಕೆಲವೊಮ್ಮೆ −0.3 ಕೂಡ ಬೇಕಾಗುತ್ತದೆ, ಏಕೆಂದರೆ ಆಗ ಮೀಟರು ಕಪ್ಪನ್ನು ನೋಡಿ ಹಿಮವನ್ನು ಸುಟ್ಟುಬಿಡುತ್ತದೆ, ಅಂದರೆ ವಿವರವಿಲ್ಲದ ಬರೀ ಬಿಳಿಯಾಗಿಸುತ್ತದೆ. ಲೆಕ್ಕದ ಪ್ರಕಾರ ಪೂರ್ತಿ +2 ಹಾಕಬೇಕಲ್ಲವೇ ಎಂದರೆ, ಹಾಕಬಾರದು. ಹಿಮದ ಮೇಲ್ಮೈಯ ಉಬ್ಬುತಗ್ಗು, ಗಾಳಿ ಎಳೆದ ಗೆರೆ, ಹೆಜ್ಜೆಯ ಅಂಚು ಇವೆಲ್ಲ ಬಿಳಿಯ ತುತ್ತತುದಿಗಿಂತ ಒಂಚೂರು ಕೆಳಗಿನ ಛಾಯೆಗಳಲ್ಲಿರುತ್ತವೆ. ಅವು ಹೋದರೆ ಉಳಿಯುವುದು ಬರೀ ಖಾಲಿ ಕಾಗದ.

ಒಂದು ಚಿತ್ರ ತೆಗೆದು ಹಿಸ್ಟೋಗ್ರಾಂ ನೋಡಿ; ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ ಎಂದು ಚಿತ್ರದ ಛಾಯೆಗಳನ್ನು ಗುಡ್ಡದಂತೆ ತೋರಿಸುವ ನಕ್ಷೆ ಅದು. ಗುಡ್ಡದ ಬಲಪಾದ ಬಲಗೋಡೆಯ ಹತ್ತಿರ ಬಂದು, ಮುಟ್ಟದೆ ನಿಲ್ಲಬೇಕು. ನಡುವೆ ನಿಂತಿದ್ದರೆ ಬೂದಿ. ಗೋಡೆಗೆ ಒರಗಿ ಕಂಬದಂತೆ ಎದ್ದಿದ್ದರೆ ಸುಟ್ಟಿದೆ. ಹೊಳೆದು ಆರುವ ಹೈಲೈಟ್ ಸೂಚನೆಯನ್ನು ಮೆನುವಿನಲ್ಲಿ ಚಾಲೂ ಮಾಡಿಕೊಳ್ಳಿ. ಸೂರ್ಯನ ಸುತ್ತ, ಮಂಜುಗಡ್ಡೆಯ ಮಿನುಗಿನಲ್ಲಿ ಅದು ಹೊಳೆದರೆ ಪರವಾಗಿಲ್ಲ, ಹಿಮದ ಹಾಸಿನಲ್ಲೇ ಹೊಳೆದರೆ 0.3 ಇಳಿಸಿ. ಬಿಸಿಲಿನಲ್ಲಿ ಪರದೆಯ ಮೇಲಿನ ಚಿತ್ರ ನೋಡಿ ತೀರ್ಮಾನಿಸಬೇಡಿ. ಹಿಮದ ಪ್ರಖರತೆಗೆ ಕಣ್ಣು ಕುಗ್ಗಿರುವಾಗ ಎಲ್ಲ ಚಿತ್ರವೂ ಕಪ್ಪಾಗಿಯೇ ಕಾಣುತ್ತದೆ. ಎಲ್ಲ ಅಂಕಿಗಳನ್ನೂ ನೀವೇ ಹೊಂದಿಸುವ ಮ್ಯಾನ್ಯುಯಲ್ ರೂಢಿಯಿದ್ದರೆ, ಪೂರ್ಣ ಬಿಸಿಲಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಎಫ್/8, 1/640 ಸೆಕೆಂಡಿನಿಂದ ಆರಂಭಿಸಿ ಹಿಸ್ಟೋಗ್ರಾಂ ನೋಡಿ ತಿದ್ದಿಕೊಳ್ಳಿ. ಬೆಳಕು ಬದಲಾಗದಿದ್ದರೆ ಚೌಕಟ್ಟು ಎಷ್ಟು ಬದಲಿಸಿದರೂ ಅದೇ ಅಂಕಿ ನಡೆಯುತ್ತದೆ.

ನೀಲಿಯ ಕಾರಣ ಬೇರೆ. ನೆರಳಿನಲ್ಲಿರುವ ಹಿಮಕ್ಕೆ ಬಿಸಿಲು ಬೀಳುವುದಿಲ್ಲ, ನೀಲಿ ಆಕಾಶದ ಬೆಳಕಷ್ಟೇ ಬೀಳುತ್ತದೆ. ಹಿಮ ಅದನ್ನೇ ಹಿಂದಿರುಗಿಸುತ್ತದೆ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರ) ತೆಗೆದರೆ ಮನೆಗೆ ಬಂದು ತಿದ್ದಬಹುದು. ಜೆಪೆಗ್ ಆದರೆ ವೈಟ್ ಬ್ಯಾಲೆನ್ಸನ್ನು (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಬಿಸಿಲಿಗೆ 5500 ಕೆಲ್ವಿನ್, ನೆರಳಿಗೆ 7000 ಸುಮಾರು ಇಡಿ. ನೀಲಿಯನ್ನು ಪೂರ್ತಿ ತೊಳೆಯಬೇಡಿ. ಬಿಸಿಲಿನ ಹಿಮ ಬೆಳ್ಳಗೂ ನೆರಳು ತುಸು ನೀಲಿಗೂ ಇದ್ದರೇ ಚಳಿ ಚಿತ್ರದಲ್ಲಿ ಉಳಿಯುತ್ತದೆ. ನೆರಳನ್ನೂ ಬೆಳ್ಳಗೆ ಮಾಡಹೊರಟರೆ ಬಿಸಿಲಿನ ಭಾಗ ಹಳದಿಗೆ ತಿರುಗುತ್ತದೆ.

ಈಗಾಗಲೇ ಬೂದಿಯಾಗಿರುವ ಚಿತ್ರಗಳು ಹಾಳಾಗಿಲ್ಲ. ಮೊಬೈಲಿನ ಎಡಿಟಿಂಗ್‌ನಲ್ಲೇ ಎಕ್ಸ್‌ಪೋಶರ್, ವೈಟ್ಸ್ ಏರಿಸಿ, ಬಣ್ಣವನ್ನು ಸ್ವಲ್ಪ ಹಳದಿ ಕಡೆ ಸರಿಸಿ. ಸುಟ್ಟ ಚಿತ್ರವನ್ನು ಮಾತ್ರ ಯಾರೂ ಉಳಿಸಲಾರರು.

ಅಭ್ಯಾಸಕ್ಕೆ ನಿಮಗಂತೂ ಮನಾಲಿ ಬೇಕಿಲ್ಲ. ದ್ವಿತಳಿ ರೇಷ್ಮೆಗೂಡಿನ ಬಿಳಿ ರಾಶಿಯನ್ನು ಬಿಸಿಲಿಗೆ ಹರವಿ, ಚೌಕಟ್ಟು ತುಂಬುವಂತೆ ಸೊನ್ನೆ, +0.7, +1.3, +2 ಹೀಗೆ ನಾಲ್ಕು ಚಿತ್ರ ತೆಗೆಯಿರಿ. ಗೂಡಿನ ಮೇಲಿನ ಎಳೆಯ ಒರಟು ಎಲ್ಲಿಯವರೆಗೆ ಕಾಣುತ್ತದೆ, ಎಲ್ಲಿ ಮಾಯವಾಗುತ್ತದೆ ನೋಡಿದರೆ ನಿಮ್ಮ ಕ್ಯಾಮೆರಾದ ಮಿತಿ ತಿಳಿಯುತ್ತದೆ. ಪಕ್ಕದಲ್ಲಿ ಹಳದಿ ಛಾಯೆಯ ಮಿಶ್ರತಳಿ ಗೂಡಿಟ್ಟರೆ ವೈಟ್ ಬ್ಯಾಲೆನ್ಸಿಗೂ ಪರೀಕ್ಷೆಯಾಯಿತು.

ಪ್ರಶ್ನೆ: ಔಲಿಯಲ್ಲಿ ನಂದಾದೇವಿ ಶಿಖರದ ಸೂರ್ಯೋದಯ ತೆಗೆಯಲು ನಸುಕಿಗೇ ಎದ್ದು ಹೋಗಿದ್ದೆವು. ಶಿಖರ ಬರೀ ಕರಿ ಆಕಾರವಾಗಿ ಬಂದಿದೆ. ಎಲ್ಲಿ ತಪ್ಪಿತು?
— ಔಷಧ ಅಂಗಡಿ ಮಾಲೀಕರು, ಮಾಲೂರು

ಉತ್ತರ: ತಪ್ಪಿದ್ದು ದಿಕ್ಕು. ಔಲಿಯಿಂದ ನಂದಾದೇವಿ (7,816 ಮೀಟರ್) ಇರುವುದು ಪೂರ್ವ–ಆಗ್ನೇಯಕ್ಕೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದೂ ಹೆಚ್ಚುಕಮ್ಮಿ ಅದೇ ದಿಕ್ಕಿನಲ್ಲಿ. ಅಂದರೆ ಶಿಖರ ನಿಮಗೆ ತೋರುತ್ತಿದ್ದದ್ದು ತನ್ನ ನೆರಳಿನ ಮುಖ. ಅದೇ ಶಿಖರದ ಮೇಲೆ ಹೊಂಬಣ್ಣ ಬೇಕಿದ್ದರೆ ಸಂಜೆ ಹೋಗಬೇಕು, ಆಗ ಸೂರ್ಯ ನಿಮ್ಮ ಬೆನ್ನ ಹಿಂದೆ.

ಬೆಳಗಿನ ಚಿತ್ರವನ್ನೂ ಬಿಡಬೇಕಿಲ್ಲ. ಅದನ್ನು ಕರಿ ಆಕಾರದ ಚಿತ್ರವೆಂದೇ ತೆಗೆಯಿರಿ: ಆಕಾಶಕ್ಕೆ ಎಕ್ಸ್‌ಪೋಶರ್ ಕೊಟ್ಟು, ಒಂದರ ಹಿಂದೊಂದು ನಿಂತ ಬೆಟ್ಟಸಾಲುಗಳನ್ನು 100ಕ್ಕಿಂತ ಉದ್ದದ ಲೆನ್ಸಿನಲ್ಲಿ ಒತ್ತಿ ತೋರಿಸಿ. ಸಮೀಪದ ಹಿಮದ ಮೇಲೆ ಓರೆಯಾಗಿ ಬೀಳುವ ಬೆಳಕಿಗೆ ಸಣ್ಣ ಉಬ್ಬೂ ಉದ್ದ ನೆರಳು ಚಾಚುತ್ತದೆ, ಅದಕ್ಕೂ ಬೆಳಿಗ್ಗೆಯೇ ಸರಿ. ಹೊರಡುವ ಮುನ್ನ ಮೊಬೈಲಿನಲ್ಲಿ ಸೂರ್ಯನ ದಿಕ್ಕು ತೋರಿಸುವ ಆ್ಯಪ್ ಹಾಕಿಕೊಂಡು, ನಕ್ಷೆಯ ಮೇಲೆ ನಿಲ್ಲುವ ಜಾಗದಿಂದ ಶಿಖರಕ್ಕೆ ಒಂದು ಗೆರೆ ಎಳೆದು ನೋಡಿ. ಐದು ನಿಮಿಷದ ಕೆಲಸ. ‘ಸನ್‌ರೈಸ್ ಪಾಯಿಂಟ್’ ಎಂಬ ಬೋರ್ಡಿದ್ದ ಮಾತ್ರಕ್ಕೆ ಅಲ್ಲಿ ಸೂರ್ಯೋದಯಕ್ಕೆ ಎಲ್ಲ ಚಿತ್ರವೂ ಚೆನ್ನಾಗಿ ಬರುತ್ತದೆಂದು ಅರ್ಥವಲ್ಲ.

ಪ್ರಶ್ನೆ: ಚಳಿಯಲ್ಲಿ ಬ್ಯಾಟರಿ ಅರ್ಧ ಇದ್ದದ್ದು ಇದ್ದಕ್ಕಿದ್ದಂತೆ ಖಾಲಿ ಎಂದಿತು. ರೂಮಿಗೆ ಬಂದರೆ ಮತ್ತೆ ಅರ್ಧ ತೋರಿಸಿತು. ಬ್ಯಾಟರಿ ಬದಲಿಸಬೇಕೆ?
— ವಿದ್ಯಾರ್ಥಿ, ಕೋಲಾರ

ಉತ್ತರ: ಬೇಡ. ಲಿಥಿಯಂ ಬ್ಯಾಟರಿಯೊಳಗಿನ ದ್ರಾವಣ ಚಳಿಗೆ ಮಂದವಾಗುತ್ತದೆ, ಅಯಾನುಗಳ ಓಡಾಟ ನಿಧಾನಿಸುತ್ತದೆ, ಒಳರೋಧ ಏರುತ್ತದೆ. ಕ್ಯಾಮೆರಾ ಒಮ್ಮೆಲೇ ಹೆಚ್ಚು ಕರೆಂಟು ಎಳೆದಾಗ ವೋಲ್ಟೇಜು ಕುಸಿದು, ಬ್ಯಾಟರಿ ಮುಗಿಯಿತೆಂದು ಅದು ತಿಳಿಯುತ್ತದೆ. ಬಿಸಿಯಾದರೆ ಶಕ್ತಿ ವಾಪಸು.

ಒಟ್ಟು ಮೂರು ಬ್ಯಾಟರಿ ಇಟ್ಟುಕೊಳ್ಳಿ, ಒಂದು ಕ್ಯಾಮೆರಾದಲ್ಲಿ, ಎರಡು ಮೈಗೆ ತಾಗುವ ಒಳಜೇಬಿನಲ್ಲಿ. ಬ್ಯಾಗಿನಲ್ಲಿಟ್ಟರೆ ಪ್ರಯೋಜನವಿಲ್ಲ, ಅದೂ ಹೊರಗಿನಷ್ಟೇ ತಣ್ಣಗಿರುತ್ತದೆ. ಅರ್ಧ ಗಂಟೆಗೊಮ್ಮೆ ಅದಲು ಬದಲು ಮಾಡಿ. ಆ ಜೇಬಿನಲ್ಲಿ ಕೀಲಿಕೈ, ಚಿಲ್ಲರೆ ಇರಬಾರದು. ಬ್ಯಾಟರಿಯ ಎರಡು ತುದಿಗೆ ತಗುಲಿದರೆ ಶಾರ್ಟ್ ಆಗುತ್ತದೆ. ಮಿರರ್‌ಲೆಸ್ ಕ್ಯಾಮೆರಾ ಸುಮ್ಮನಿದ್ದರೂ ಬ್ಯಾಟರಿ ತಿನ್ನುವುದರಿಂದ ಕಾಯುವಾಗ ಆರಿಸಿಡಿ. ಹೆಪ್ಪುಗಟ್ಟುವಷ್ಟು ತಣ್ಣಗಿರುವ ಬ್ಯಾಟರಿಯನ್ನು ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಕೂತು ಬ್ಯಾಟರಿ ನಿಜವಾಗಿಯೇ ಕೆಡುತ್ತದೆ. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ.

ಪ್ರಶ್ನೆ: ಹಿಮದಿಂದ ಹೋಟೆಲಿಗೆ ಬಂದ ತಕ್ಷಣ ಲೆನ್ಸಿನ ಮೇಲೆಲ್ಲ ನೀರು. ಒರೆಸಿದರೆ ಮತ್ತೆ ಬರುತ್ತದೆ. ಒಳಗೂ ಮಸುಕು ಕಂಡಿತು.
— ಗೃಹಿಣಿ, ಗೌರಿಬಿದನೂರು

ಉತ್ತರ: ಹೋಟೆಲಿನ ಬೆಚ್ಚನೆಯ ಗಾಳಿಯಲ್ಲಿ ತೇವವಿದೆ. ತಣ್ಣಗಿರುವ ಗಾಜು, ಲೋಹ ಸಿಕ್ಕರೆ ಅದು ನೀರಾಗಿ ಕೂರುತ್ತದೆ. ಹೊರಗಿನದು ಒಣಗುತ್ತದೆ, ಲೆನ್ಸಿನ ಒಳಗೆ ಮತ್ತೆ ಮತ್ತೆ ಕೂತದ್ದು ಮುಂದೆ ಬೂಷ್ಟಿಗೆ ದಾರಿ.

ಹೊರಗಿರುವಾಗಲೇ ಕ್ಯಾಮೆರಾವನ್ನು ಜಿಪ್ ಕವರಿಗೆ ಹಾಕಿ, ಗಾಳಿ ಹಿಂಡಿ ಮುಚ್ಚಿ. ಆಮೇಲೆ ಒಳಗೆ ಬನ್ನಿ. ನೀರು ಕವರಿನ ಹೊರಮೈಗೆ ಕೂರುತ್ತದೆ. ಕ್ಯಾಮೆರಾ ಕೋಣೆಯ ಬಿಸಿಗೆ ಬರಲು ಒಂದರಿಂದ ಎರಡು ಗಂಟೆ ಬೇಕು, ಅಲ್ಲಿಯವರೆಗೆ ತೆರೆಯಬೇಡಿ. ಫೋಟೊ ಬೇಗ ನೋಡಬೇಕೆಂಬ ಆತುರವಿದ್ದರೆ ಕಾರ್ಡನ್ನು ಹೊರಗೇ ತೆಗೆದು ಜೇಬಿಗೆ ಹಾಕಿಕೊಳ್ಳಿ. ಹೀಟರಿನ ಮುಂದೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಖಂಡಿತ ಬೇಡ. ಈಗ ಒಳಗೆ ಮಸುಕು ಉಳಿದಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಎರಡು ಮೂರು ದಿನ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವ ಉಪಾಯ ಬಿಡಿ, ಅಕ್ಕಿಯ ಹೊಟ್ಟು, ಧೂಳು ಒಳಗೆ ಸೇರುತ್ತದೆ.

ಪ್ರಶ್ನೆ: ನಮಗೆ ಹಿಮ ಎಲ್ಲಿಂದ ಬರಬೇಕು? ನಂದಿ ಬೆಟ್ಟದ ಮಂಜೇ ನಮ್ಮ ಹಿಮ. ಎಷ್ಟು ಸಲ ಹೋದರೂ ಒಂದೋ ಏನೂ ಕಾಣುವುದಿಲ್ಲ, ಇಲ್ಲವೇ ಮಂಜೇ ಇರುವುದಿಲ್ಲ. ಕಣಿವೆ ತುಂಬಿದ ಮಂಜು ಸಿಗುವ ದಿನ ಯಾವುದು?
— ಖಾಸಗಿ ಕಂಪನಿ ಉದ್ಯೋಗಿ, ಚಿಕ್ಕಬಳ್ಳಾಪುರ

ಉತ್ತರ: ನೀವು ಹೇಳುವ ಎರಡು ದಿನಗಳು ಎರಡು ಬೇರೆ ವಿದ್ಯಮಾನಗಳು. 1,478 ಮೀಟರಿನ ನೆತ್ತಿಯ ಮೇಲೆ ಮೋಡವೇ ಬಂದು ಕೂತರೆ ಏನೂ ಕಾಣುವುದಿಲ್ಲ. ಮಳೆಗಾಲದಲ್ಲಿ ಇದು ಸಾಮಾನ್ಯ. ನಿಮಗೆ ಬೇಕಾದದ್ದು ಕೆಳಗಿನ ಬಯಲಿನಲ್ಲಿ ಹುಟ್ಟುವ ಮಂಜು. ನೆಲ ರಾತ್ರಿಯೆಲ್ಲ ಶಾಖ ಕಳೆದುಕೊಂಡು ತಣ್ಣಗಾಗಿ, ಅದಕ್ಕೆ ತಾಗಿದ ತೇವದ ಗಾಳಿ ಮಂಜಾಗುತ್ತದೆ. ಇದಕ್ಕೆ ಮೂರೂ ಕೂಡಿಬರಬೇಕು: ಒಂದೆರಡು ದಿನದ ಹಿಂದೆ ಬಿದ್ದ ಮಳೆಯಿಂದಲೋ ಕೆರೆಕುಂಟೆಗಳಿಂದಲೋ ನೆಲದಲ್ಲಿ ಪಸೆ, ರಾತ್ರಿ ತಿಳಿ ಆಕಾಶ, ಗಾಳಿ ಇಲ್ಲದಿರುವುದು. ಮೋಡ ಮುಚ್ಚಿದ ರಾತ್ರಿ ನೆಲ ತಣಿಯುವುದಿಲ್ಲ. ಗಾಳಿ ಜೋರಾದರೆ ತೇವ ಚೆದುರುತ್ತದೆ. ನವೆಂಬರಿನಿಂದ ಜನವರಿವರೆಗೆ, ಹಿಂದಿನ ರಾತ್ರಿ ಹವಾಮಾನದ ಆ್ಯಪಿನಲ್ಲಿ ಮುಂಜಾವಿನ ಉಷ್ಣಾಂಶಕ್ಕೂ ಇಬ್ಬನಿ ಬಿಂದುವಿಗೂ (ಗಾಳಿಯ ತೇವ ನೀರಾಗತೊಡಗುವ ಉಷ್ಣಾಂಶ) ಎರಡು ಡಿಗ್ರಿಗಿಂತ ಕಡಿಮೆ ಅಂತರವಿದ್ದು ಗಾಳಿ ಮಂದವಾಗಿದ್ದರೆ ಹೊರಡಿ.

ಸೂರ್ಯೋದಯ ನವೆಂಬರ್ ಕೊನೆಯಲ್ಲಿ 6.20ರ ನಂತರ, ಜನವರಿ ಮಧ್ಯದಲ್ಲಿ 6.45ರ ಸುಮಾರು. ಗೇಟು ತೆರೆಯುವ ಸಮಯ ಮತ್ತು ವಾರಾಂತ್ಯದ ನಿಯಮ ಆಗಾಗ ಬದಲಾಗುತ್ತವೆ, ಹಿಂದಿನ ದಿನವೇ ವಿಚಾರಿಸಿ. ಸೂರ್ಯ ಹುಟ್ಟಿದ ಕೂಡಲೇ ಇಳಿಯಬೇಡಿ. ಬಿಸಿಲು ತಾಗಿ ಗಾಳಿ ಅಲುಗಿದಾಗ ಮಂಜು ಮೊದಲು ದಟ್ಟವಾಗಿ ಮೇಲೇಳುತ್ತದೆ, ಆಮೇಲೆ ಹರಿಯುತ್ತದೆ. ಜನ ತಿಂಡಿಗೆ ಹೋಗುವ ಆ ಅರ್ಧ ಗಂಟೆಯಲ್ಲೇ ಗುಡ್ಡದ ತಲೆಗಳು ದ್ವೀಪದಂತೆ ಕಾಣುವುದು.

ಮೀಟರಿನ ವಿಚಾರದಲ್ಲಿ ಮಂಜಿಗೂ ಹಿಮಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಚೌಕಟ್ಟಿನ ತುಂಬ ಮಂಜಿದ್ದರೆ +0.7ರಿಂದ +1. ಸೂರ್ಯನೂ ಚೌಕಟ್ಟಿನಲ್ಲಿದ್ದರೆ −2, 0, +2 ಎಂದು ಮೂರು ಚಿತ್ರ ತೆಗೆದಿಟ್ಟುಕೊಳ್ಳಿ. ಆಟೊಫೋಕಸ್ ಮಂಜಿನಲ್ಲಿ ಹಿಂದೆ ಮುಂದೆ ಓಡಾಡುತ್ತದೆ, ಹಿಡಿಯಲು ಗೆರೆಯೇ ಸಿಗುವುದಿಲ್ಲ. ದೂರದ ಬೆಟ್ಟದ ಅಂಚಿಗೆ ಅಥವಾ ಟವರಿನ ದೀಪಕ್ಕೆ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಬದಲಿಸಿ, ಮತ್ತೆ ರಿಂಗ್ ಮುಟ್ಟಬೇಡಿ. ಮಂಜು ಹರಿಯುವುದನ್ನು ಹಾಲಿನಂತೆ ತೋರಿಸಲು ಬೆಳಕು ತಗ್ಗಿಸುವ ಆರು ಸ್ಟಾಪಿನ ಎನ್‌ಡಿ ಫಿಲ್ಟರ್ ಹಾಕಿದರೆ ಅರ್ಧ ಸೆಕೆಂಡಿನ ಶಟರ್ 30 ಸೆಕೆಂಡಾಗುತ್ತದೆ. ಬ್ಯಾಗಿನ ಜಿಪ್ ಮಾತ್ರ ಹಾಕಿಡಿ: ನಂದಿಯ ಕೋತಿಗಳಿಗೆ ಫಿಲ್ಟರಿಗೂ ಬಿಸ್ಕತ್ತಿಗೂ ಭೇದವಿಲ್ಲ.

ತುಮಕೂರು ಕಡೆಯವರು ಇಷ್ಟಕ್ಕೆ ಇಲ್ಲಿಯವರೆಗೆ ಬರಬೇಕಿಲ್ಲ, ದೇವರಾಯನದುರ್ಗವೂ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಅಲ್ಲಿಗೂ ಇದೇ ಲೆಕ್ಕ.

ಪ್ರಶ್ನೆ: ಹಿಮ ಬೀಳುತ್ತಿರುವುದು ಫೋಟೊದಲ್ಲಿ ಕಾಣಬೇಕು. ಶಟರ್ ಎಷ್ಟಿರಬೇಕು?
— ಓದುಗರು, ಪಾವಗಡ

ಉತ್ತರ: ಹರಳು ಚುಕ್ಕೆಯಾಗಿ ನಿಲ್ಲಬೇಕಾದರೆ 1/250 ಅಥವಾ ಹೆಚ್ಚು, ಗಾಳಿ ಇದ್ದರೆ 1/1000. ಗೆರೆಯಾಗಿ ಇಳಿಯಬೇಕಾದರೆ 1/30ರಿಂದ 1/60. ಎರಡಕ್ಕೂ ಹಿನ್ನೆಲೆ ಕಪ್ಪಾಗಿರಬೇಕು: ದೇವದಾರು, ಬಂಡೆ, ಮರದ ಮನೆ. ಬಿಳಿ ಆಕಾಶದ ಮುಂದೆ ಬಿಳಿ ಹರಳು ಕಾಣುವುದಿಲ್ಲ. ಫ್ಲಾಶ್ ಆಫ್ ಮಾಡಿ, ಇಲ್ಲದಿದ್ದರೆ ಲೆನ್ಸಿನ ಹತ್ತಿರದ ಹರಳುಗಳು ದೊಡ್ಡ ಬಿಳಿ ಮಚ್ಚೆಗಳಾಗುತ್ತವೆ. ಲೆನ್ಸಿಗೆ ಹುಡ್ ಹಾಕಿ, ಗಾಳಿಗೆ ಬೆನ್ನು ಕೊಡಿ. ಗಾಜಿನ ಮೇಲೆ ಕೂತ ಹಿಮವನ್ನು ಬಾಯಿಂದ ಊದಬೇಡಿ, ಉಸಿರಿನ ಬಿಸಿಗೆ ಕರಗಿ ಮತ್ತೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ರಬ್ಬರ್ ಬ್ಲೋವರ್ ಒತ್ತಿ ಹಾರಿಸಿ.

ಪ್ರಶ್ನೆ: ಹಿಮದಲ್ಲಿ ಟ್ರೈಪಾಡ್ ನಿಲ್ಲಿಸುವ ಕ್ರಮವೇನು? ನನ್ನದರ ಒಂದು ಕಾಲು ಬುಡದಲ್ಲೇ ಮುರಿದಿದೆ.
— ಸ್ಟುಡಿಯೊ ಮಾಲೀಕರು, ಚಿಂತಾಮಣಿ

ಉತ್ತರ: ಕಾಲುಗಳನ್ನು ಪೂರ್ತಿ ಅಗಲಿಸಿ, ಮೇಲಿಂದ ಒತ್ತಿರುತ್ತೀರಿ. ಪಾದಗಳು ಹಿಮದೊಳಗೆ ಇಳಿಯುತ್ತ ಹೊರಕ್ಕೆ ಜಾರುತ್ತವೆ, ಅಗಲಲು ಇನ್ನು ಅವಕಾಶವಿಲ್ಲದ್ದರಿಂದ ಭಾರವೆಲ್ಲ ಬುಡದ ಕೀಲಿಗೆ ಬಂದು ಅದು ಒಡೆಯುತ್ತದೆ. ಅರ್ಧ ಮಾತ್ರ ಅಗಲಿಸಿ ಹಿಮದೊಳಗೆ ಇಳಿಸಿ, ಕೆಳಗೆ ಗಟ್ಟಿ ಸಿಕ್ಕ ಮೇಲೆ ತಲೆಯ ಮಟ್ಟ ಸರಿಪಡಿಸಿ. ಗಟ್ಟಿ ಮಂಜುಗಡ್ಡೆಯಾದರೆ ರಬ್ಬರ್ ಪಾದ ಜಾರುತ್ತದೆ, ಕಬ್ಬಿಣದ ಮೊಳೆಪಾದ ಬೇಕು. ಮಡಚುವ ಮುಂಚೆ ಪ್ರತಿ ತುಂಡನ್ನೂ ಬಟ್ಟೆಯಿಂದ ಒರೆಸಿ. ಒದ್ದೆಯಾಗಿ ಒಳಗೆ ಹೋದದ್ದು ರಾತ್ರಿ ಹೆಪ್ಪುಗಟ್ಟಿ, ಬೆಳಿಗ್ಗೆ ಲಾಕ್ ತಿರುಗುವುದಿಲ್ಲ. ಮರದ ಹಲಗೆ ಹಾಸಿದ ಕಟ್ಟೆಗಳಲ್ಲಿ ಯಾರು ನಡೆದರೂ ಕ್ಯಾಮೆರಾ ನಡುಗುತ್ತದೆ, ಅಲ್ಲಿ ಎರಡು ಸೆಕೆಂಡಿನ ಟೈಮರ್ ಸಾಲದು. ಶಟರ್ ವೇಗ ಏರಿಸಿ, ಇಲ್ಲವೇ ಹೆಜ್ಜೆ ನಿಲ್ಲುವವರೆಗೆ ಕಾಯಿರಿ.

ಪ್ರಶ್ನೆ: ನನ್ನ ಬಳಿ ಮೊಬೈಲ್ ಮಾತ್ರ ಇದೆ. ಮಗ ಅಮೆರಿಕದಿಂದ ಡ್ರೋನ್ ತರುತ್ತೇನೆ ಎನ್ನುತ್ತಾನೆ. ತರಿಸಿಕೊಳ್ಳಲೇ?
— ನಿವೃತ್ತ ಗಣಿ ನೌಕರರು, ಕೆಜಿಎಫ್

ಉತ್ತರ: ಡ್ರೋನ್ ಬೇಡವೆನ್ನಿ. ಭಾರತಕ್ಕೆ ಡ್ರೋನ್ ಆಮದು 2022ರ ಫೆಬ್ರುವರಿಯಿಂದ ನಿಷಿದ್ಧ, ಸಂಶೋಧನೆ, ರಕ್ಷಣೆಯಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲೂ ಹಾರಿಸುವಂತಿಲ್ಲ.

ಮೊಬೈಲ್ ಸಾಕು. ಹಿಮದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್, ಎಕ್ಸ್‌ಪೋಶರ್ ಲಾಕ್ ಮಾಡಿ, ಪಕ್ಕದ ಸೂರ್ಯನ ಗುರುತನ್ನು ಮೇಲಕ್ಕೆ ಸ್ವಲ್ಪ ಸರಿಸಿ. ಹಿಮ ಬೆಳ್ಳಗಾದರೂ ಗೆರೆಗಳು ಕಾಣುವ ಹಂತದಲ್ಲಿ ನಿಲ್ಲಿಸಿ. ಬೆರಳಿನಿಂದ ಹಿಗ್ಗಿಸಿ ಜೂಮ್ ಮಾಡುವ ಬದಲು ಫೋನಿನಲ್ಲಿ ಬೇರೆಯೇ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ. ಐಫೋನ್ ಸೊನ್ನೆಯಿಂದ 35 ಡಿಗ್ರಿ ಸೆಲ್ಸಿಯಸ್‌ವರೆಗಿನ ಹವೆಗೆ ಎಂದು ಅದರ ತಯಾರಕರೇ ಹೇಳುತ್ತಾರೆ, ಉಳಿದ ಫೋನುಗಳೂ ಕಡು ಚಳಿಗೆ ಆರಿಹೋಗುವುದುಂಟು. ಅಂಗಿಯ ಒಳಜೇಬಿನಲ್ಲಿಟ್ಟು ಫೋಟೊಕ್ಕಷ್ಟೇ ಹೊರತೆಗೆಯಿರಿ. ಒಳಜೇಬಿನ ತೇವಕ್ಕೆ ಲೆನ್ಸ್ ಮಸುಕಾಗಿರುತ್ತದೆ, ಪ್ರತಿ ಸಲ ಹತ್ತಿಬಟ್ಟೆಯಿಂದ ಒರೆಸಿ.

ಪ್ರಶ್ನೆ: ಹಿಮದ ಮುಂದೆ ಮನೆಯವರನ್ನು ನಿಲ್ಲಿಸಿ ತೆಗೆದರೆ ಮುಖ ಕಪ್ಪು. ಕ್ಯಾಮೆರಾದ ಫ್ಲಾಶ್ ಹಾಕಿದರೂ ಅಷ್ಟೇ.
— ಶಿಕ್ಷಕಿ, ಕುಣಿಗಲ್

ಉತ್ತರ: ಕ್ಯಾಮೆರಾದ ತಲೆಯ ಮೇಲೇಳುವ ಪುಟ್ಟ ಫ್ಲಾಶಿನಿಂದ ಬಿಸಿಲಿನ ಹಿಮದಲ್ಲಿ ಏನೂ ಆಗದು, ಲೆಕ್ಕ ನೋಡಿ. ಫ್ಲಾಶ್ ಕೆಲಸ ಮಾಡಲು ಶಟರ್ 1/200 ದಾಟಬಾರದು. ಆ ಶಟರಿಗೆ ಬಿಸಿಲಿನ ಹಿಮ ಸುಡದಿರಬೇಕಾದರೆ ಐಎಸ್‌ಒ 100ರಲ್ಲಿ ಎಫ್/14 ಬೇಕು. ಅಂಥ ಫ್ಲಾಶಿನ ಗೈಡ್ ನಂಬರ್ (ಫ್ಲಾಶಿನ ಶಕ್ತಿಯ ಅಳತೆ) 12 ಎಂದಿಟ್ಟುಕೊಂಡರೆ, 12ನ್ನು 14ರಿಂದ ಭಾಗಿಸಿ: ಅದರ ಬೆಳಕು ಮುಟ್ಟುವುದು ಒಂದು ಮೀಟರ್ ಕೂಡ ಇಲ್ಲ. ಗೈಡ್ ನಂಬರ್ 40ರ ಹೊರಫ್ಲಾಶ್ ಆದರೆ ಮೂರು ಮೀಟರಿಗೆ ಹತ್ತಿರ.

ಫ್ಲಾಶ್ ಇಲ್ಲದೆಯೂ ಆಗುತ್ತದೆ. ಸೂರ್ಯನನ್ನು ಪೂರ್ತಿ ಬೆನ್ನಿಗೂ ಹಾಕಬೇಡಿ, ಕಣ್ಣು ಕುಕ್ಕುವಂತೆ ಎದುರಿಗೂ ನಿಲ್ಲಿಸಬೇಡಿ, ಒಂದು ಭುಜದ ಕಡೆಗಿರಲಿ. ಎದುರಿನ ನೆಲದ ಹಿಮ ಕೆಳಗಿನಿಂದ ಬೆಳಕು ಎರಚಿ ಗಲ್ಲದ ಕೆಳಗಿನ ನೆರಳನ್ನೂ ತುಂಬುತ್ತದೆ, ಆದ್ದರಿಂದ ಅವರ ಮುಂದಿನ ಹಿಮವನ್ನು ತುಳಿದು ಕೆಸರು ಮಾಡಬೇಡಿ. ಮುಖಕ್ಕೆ ಸ್ಪಾಟ್ ಮೀಟರ್ (ಚೌಕಟ್ಟಿನ ಒಂದು ಸಣ್ಣ ಭಾಗದ ಬೆಳಕನ್ನಷ್ಟೇ ಅಳೆಯುವುದು) ಹಾಕಿ, ಗೋಧಿಬಣ್ಣದ ಮುಖವಾದರೆ ಸೊನ್ನೆಯಲ್ಲೇ ಬಿಡಿ. ಹಿಂದಿನ ಹಿಮ ತುಸು ಸುಟ್ಟರೆ ಸುಡಲಿ, ಈ ಚಿತ್ರದಲ್ಲಿ ಮುಖವೇ ಮುಖ್ಯ. ಬಿಳಿ ಸ್ವೆಟರ್ ಬೇಡ. ಕೆಂಪು, ಅರಿಶಿನ, ಕಡುನೀಲಿ ಚೆನ್ನ. ಮಂಕಿ ಕ್ಯಾಪನ್ನು ಫೋಟೊದ ಹೊತ್ತಿಗಾದರೂ ಹುಬ್ಬಿನಿಂದ ಎರಡು ಬೆರಳು ಮೇಲಕ್ಕೆ ಸರಿಸಲು ಹೇಳಿ, ಅರ್ಧ ನೆರಳು ಅದರದ್ದೇ.